ಪ್ಯಾರಿಸ್ಸಿಗೊಂದು ಕೈಪಿಡಿ, ಮೂಡಿಗೆರೆಗೆ ಬೇಡವೇ?

ಫ್ರಾನ್ಸಿಗೆ ಮೊದಲ ಸಲ ಹೊರಟ ನಮ್ಮ ಜನರನ್ನು ನೋಡಬೇಕು. ವೀಸಾ ಕೈಗೆ ಬರುವ ಮೊದಲೇ ಪಾಠ ಶುರುವಾಗಿರುತ್ತದೆ. ಅಂಗಡಿಯ ಬಾಗಿಲು ದಾಟಿದ ಕೂಡಲೇ ‘ಬೋಂಜೂರ್’ ಅನ್ನಬೇಕು, ಅದನ್ನು ಬಿಟ್ಟು ನೇರ ರೇಟು ಕೇಳಿದರೆ ಒರಟರು ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರೊಳಗೆ ಮುಗಿಸಬೇಕು, ಆಮೇಲೆ ಹೋದರೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಬ್ರೆಡ್ಡನ್ನು ತಟ್ಟೆಯ ಪಕ್ಕ ಮೇಜಿನ ಮೇಲೆಯೇ ಇಟ್ಟುಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಬಾಟಲಿ ನೀರಿಗೆ ದುಡ್ಡು, ಹೂಜಿಯ ನೀರು ಕೇಳಿದರೆ ಪುಕ್ಕಟೆ. ಸೇವೆಯ ಹಣ ಬಿಲ್ಲಿನಲ್ಲೇ ಸೇರಿರುವುದರಿಂದ ಟಿಪ್ಸ್ ಕೊಡಲೇಬೇಕೆಂದಿಲ್ಲ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ. ಮೆಟ್ರೊದಲ್ಲಿ ಜೋರಾಗಿ ಮಾತಾಡಬೇಡಿ. ಇಷ್ಟನ್ನೂ ಬಾಯಿಪಾಠ ಮಾಡಿ, ಅಲ್ಲಿಗೆ ಹೋಗಿ ಚಾಚೂ ತಪ್ಪದೆ ಪಾಲಿಸಿ ಬರುತ್ತಾರೆ. ಒಳ್ಳೆಯದೇ.

ಅದೇ ಜನ ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಬೆಳಿಗ್ಗೆ ಮೂಡಿಗೆರೆ ದಾಟಿ ಕಳಸದ ಕಡೆ ಹೊರಟಾಗ ಒಂದಕ್ಷರ ಓದಿಕೊಂಡಿರುವುದಿಲ್ಲ. ನಮ್ಮದೇ ರಾಜ್ಯ, ನಮ್ಮದೇ ಭಾಷೆ, ಕಲಿಯುವುದೇನಿದೆ ಎಂಬ ಧೈರ್ಯ. ನನಗೆ ಹಾಗನ್ನಿಸುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಈ ಕಾಫಿ ಸೀಮೆಗೆ ಅದರದೇ ಹೊತ್ತುಗೊತ್ತು ಇದೆ, ಅದರದೇ ಮರ್ಯಾದೆ ಇದೆ. ಬಯಲುಸೀಮೆಯಿಂದ ಮೊದಲ ಸಲ ಘಟ್ಟ ಹತ್ತುವವರಿಗೆ ಇದು ಪರದೇಶವೇ. ಇಲ್ಲಿನ ಬಹುಪಾಲು ಕಟ್ಟಳೆಗಳ ಹಿಂದೆ ಇರುವ ಕಾರಣ ಒಂದೇ: ನೀವು ರಜೆಯಲ್ಲಿ ಬಂದಿದ್ದೀರಿ, ಇಲ್ಲಿನವರು ಕೆಲಸದಲ್ಲಿದ್ದಾರೆ. ನೀವು ‘ವ್ಯೂ’ ಎಂದು ನೋಡುವ ಹಸಿರು ಯಾರದೋ ಸಾಲ, ಯಾರದೋ ಕೂಲಿ, ಯಾರದೋ ಮಗಳ ಮದುವೆ.

ಮೊದಲ ಪಾಠ ರಸ್ತೆ ಬದಿಯ ಕಾಫಿ ಗಿಡದ್ದು. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಹಣ್ಣಾಗುತ್ತದೆ, ರೊಬಸ್ಟಾ ಅದರ ಬೆನ್ನಿಗೇ ಫೆಬ್ರವರಿ, ಮಾರ್ಚಿನ ತನಕ. ಆ ದಿನಗಳಲ್ಲಿ ಆಲ್ದೂರಿನಿಂದ ಬಾಳೂರಿನವರೆಗೆ ಯಾವ ತಿರುವಿನಲ್ಲಿ ನೋಡಿದರೂ ಒಂದು ಕಾರು ನಿಂತಿರುತ್ತದೆ. ಬೇಲಿಯಾಚೆ ಕೈ ಚಾಚಿ ಯಾರೋ ಕೆಂಪು ಗೊಂಚಲು ಕೀಳುತ್ತಿರುತ್ತಾರೆ. ಕೆನ್ನೆಗೆ ಹಿಡಿದು ಒಂದು ಫೋಟೊ, ಬಾಯಿಗೆ ಹಾಕಿ ಚೀಪಿ ನೋಡುವುದು, ಆಮೇಲೆ ಥೂ ಎಂದು ರಸ್ತೆಗೆ ಉಗಿಯುವುದು. ಒಂದು ಹಿಡಿ ಹಣ್ಣು ಹೋದರೆ ತೋಟದವನು ಮುಳುಗುವುದಿಲ್ಲ, ನಿಜ. ಆದರೆ ಎಳೆದ ರಭಸಕ್ಕೆ ಕೊಂಬೆ ಮುರಿದರೆ ಮುಂದಿನ ವರ್ಷದ ಫಸಲೂ ಅದರೊಂದಿಗೇ ಹೋಯಿತು. ಅರೇಬಿಕಾ ಹೂ ಕಟ್ಟುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ವಾರಾಂತ್ಯಕ್ಕೆ ಎಷ್ಟು ಕಾರು ಈ ದಾರಿಯಲ್ಲಿ ಹೋಗುತ್ತವೆ ಎಂದು ನೋಡಿದವರು ಲೆಕ್ಕ ತಾವೇ ಹಾಕಿಕೊಳ್ಳಬಹುದು.

ಇದಕ್ಕೆ ಒಪ್ಪುವ ಕಥೆಯೊಂದು ಫ್ರಾನ್ಸಿನದೇ ಇದೆ. ಬೋರ್ಡೋ ನಗರದ ಹತ್ತಿರ ಮೆಡೋಕ್ ಎಂಬ ದ್ರಾಕ್ಷಿ ಸೀಮೆ. ಅಲ್ಲೂ ದಾರಿಹೋಕರಿಗೆ ರಸ್ತೆ ಬದಿಯ ಹಣ್ಣು ಕೀಳುವ ಚಟ. ಕಾದು ಕಾದು ಬೇಸತ್ತ ತೋಟದವರು ಮೈಲುತುತ್ತ, ಸುಣ್ಣ ಕಲಸಿ ರಸ್ತೆಗೆ ಹತ್ತಿರದ ಸಾಲುಗಳಿಗೆ ಎರಚಿದರು. ಎಲೆ, ಗೊಂಚಲು ಎಲ್ಲ ನೀಲಿ ನೀಲಿ. ವಿಷವಿರಬೇಕೆಂದು ಜನ ಮುಟ್ಟಲಿಲ್ಲ. 1882ರಲ್ಲಿ ಆ ದಾರಿಯಲ್ಲಿ ಹೋದ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಒಂದು ವಿಚಿತ್ರ ಗಮನಿಸಿದರು. ಒಳಗಿನ ಬಳ್ಳಿಗಳೆಲ್ಲ ಬೂಜುರೋಗಕ್ಕೆ ಎಲೆ ಉದುರಿಸಿ ನಿಂತಿವೆ, ಕಳ್ಳರ ಭಯಕ್ಕೆ ನೀಲಿ ಬಳಿದ ಸಾಲುಗಳು ಮಾತ್ರ ಹಸಿರಾಗಿವೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ಮಿಶ್ರಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೊಡೆಯಲು ಕಲಿಸಿದರು. ಕಾಫಿ ಎಲೆಯ ತುಕ್ಕು ರೋಗಕ್ಕೂ ಇದೇ ಮದ್ದಾಯಿತು. ಈಗಲೂ ಮಳೆ ಹಿಡಿಯುವ ಮುಂಚೆ ಕಳಸದ ಅಡಿಕೆ ತೋಟದಲ್ಲಿ, ಮೂಡಿಗೆರೆಯ ಕಾಫಿ ತೋಟದಲ್ಲಿ ಡ್ರಮ್ಮಿನಲ್ಲಿ ನೀಲಿ ನೀರು ಕಲಸುತ್ತಿರುತ್ತಾರೆ. ಫ್ರೆಂಚ್ ದಾರಿಹೋಕರ ಕಳ್ಳಗೈಯಿಂದ ಮಲೆನಾಡಿಗೆ ಆದ ಉಪಕಾರ ಇದು. ನಮ್ಮ ದಾರಿಹೋಕರಿಂದ ಅಂಥದ್ದೇನೂ ಇನ್ನೂ ಆಗಿಲ್ಲ. ಗಿಡಕ್ಕೆ ಏನು ಸಿಂಪಡಿಸಿದ್ದಾರೆಂದು ತಿಳಿಯದೆ ಹಣ್ಣು ಬಾಯಿಗೆ ಹಾಕಿಕೊಳ್ಳುವುದು ಜಾಣತನವೂ ಅಲ್ಲ.

ತೋಟದೊಳಗೆ ಹೋಗುವ ಆಸೆಯಿದ್ದರೆ ಕೇಳಿ ಹೋಗಿ. ಸಾಹುಕಾರರು ಸಿಗದಿದ್ದರೆ ಲೆಕ್ಕ ಬರೆಯುವ ರೈಟರ್ ಇರುತ್ತಾರೆ, ಮೇಸ್ತ್ರಿ ಇರುತ್ತಾರೆ. ಕೇಳಿದವರಿಗೆ ಇಲ್ಲವೆನ್ನುವುದು ಕಡಿಮೆ. ಎಷ್ಟೋ ಸಲ ಅವರೇ ಪಲ್ಪರ್ ಮನೆ ತೋರಿಸಿ, ಹಣ್ಣಿನ ಸಿಪ್ಪೆ ಸುಲಿದು ಪಾರ್ಚ್‌ಮೆಂಟ್ ಆಗುವುದು ಹೇಗೆ, ಹಾಗೇ ಒಣಗಿಸಿ ಚೆರ್ರಿ ಮಾಡುವುದು ಯಾವಾಗ ಎಂದು ವಿವರಿಸುತ್ತಾರೆ. ಉಣುಗೋಲು ಸರಿಸಿ ಹೋದರೆ ಹಿಂದಿನಂತೆಯೇ ಹಾಕಿ ಬರಬೇಕು, ಇಲ್ಲವಾದರೆ ದನ ನುಗ್ಗುತ್ತವೆ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಚಪ್ಪಲಿ ಕಾಲಿನಲ್ಲಿ ನಡೆಯಬಾರದು. ಒಣಗುವಾಗ ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಅದಕ್ಕೇ ಕಣದ ಹತ್ತಿರ ಡೀಸೆಲ್ ಡಬ್ಬ ಇಡಲೂ ಬಿಡುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ. ಆ ಎರಡು ಮೂರು ದಿನ ಹಲವು ಬೆಳೆಗಾರರು ತಮ್ಮ ಆಳುಗಳನ್ನೂ ಒಳಗೆ ಬಿಡುವುದಿಲ್ಲ. ಹೊರಗಿನಿಂದ ನೋಡಿ ಸಂತೋಷಪಡುವುದು ಲೇಸು.

ಹಣ್ಣು ಕೊಯ್ಯುವವರ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಬಂದವರು ತೋಟದ ಲೈನ್ ಮನೆಗಳಲ್ಲಿ ನೆಲೆ ನಿಂತರು. ಈಗ ಕೊಯ್ಲಿಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕೊಯ್ಲಿನಲ್ಲಿ ಬಹಳ ಕಡೆ ಕೂಲಿ ನಿಂತಿರುವುದು ಕೆ.ಜಿ. ಲೆಕ್ಕದ ಮೇಲೆ, ಸಂಜೆ ತೂಕಕ್ಕೆ ಚೀಲ ಇಡುವವರೆಗೆ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಅಂಥವರನ್ನು ನಿಲ್ಲಿಸಿ, ಬುಟ್ಟಿ ಹಿಡಿದು ನಗಲು ಹೇಳಿ ಫೋಟೊ ತೆಗೆಯುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ನಿಮ್ಮ ಆಫೀಸಿಗೆ ಯಾರೋ ನುಗ್ಗಿ, ಕಂಪ್ಯೂಟರಿನ ಮುಂದೆ ಕೂತ ನಿಮ್ಮನ್ನು ಕೇಳದೇ ಚಿತ್ರ ತೆಗೆದರೆ ಹೇಗಿರುತ್ತದೆ? ಲೈನ್ ಮನೆಗಳೂ ಅಷ್ಟೇ, ಅವು ಮನೆಗಳು. ಅಂಗಳದಲ್ಲಿ ಒಣಗಿದ ಬಟ್ಟೆಗೆ ಕ್ಯಾಮೆರಾ ಹಿಡಿಯಬೇಡಿ.

ಮಾತಿಗೆ ಹೇಗೆ ಶುರುಮಾಡುವುದು ಎಂಬುದಕ್ಕೂ ಇಲ್ಲೊಂದು ಪದ್ಧತಿಯಿದೆ. ಬೆಳೆಗಾರರ ಮನೆಯಲ್ಲಿ ಮಳೆಮಾಪಕ ಇರುವುದು ಗೋಡೆ ಗಡಿಯಾರ ಇರುವಷ್ಟೇ ಸಹಜ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಇಲ್ಲಿ ಇನ್ನೂ ಇಂಚು, ಸೆಂಟು. ‘ನಿಮ್ಮಲ್ಲಿ ಎಷ್ಟು ಇಂಚಾಯ್ತು?’ ಎಂದು ಕೇಳಿ ನೋಡಿ. ಈ ವರ್ಷದ್ದು, ಹೋದ ವರ್ಷದ್ದು, ಅಪ್ಪನ ಕಾಲದ್ದು ಎಲ್ಲ ಹೊರಬರುತ್ತದೆ. ಮಳೆಯನ್ನು ತಿಂಗಳಿನಿಂದ ಗುರುತಿಸುವುದೂ ಕಡಿಮೆ, ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಪುನರ್ವಸು, ಪುಷ್ಯ, ಆಶ್ಲೇಷ ಎಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ, ಮಳೆ ಕೈಬಿಟ್ಟು ಹೊಡೆಯುವ ಕಾಲ. ಕೇಳಬಾರದ ಪ್ರಶ್ನೆ ಒಂದಿದೆ: ‘ಎಷ್ಟು ಎಕರೆ ತೋಟ ಇದೆ?’ ಹೊಸ ಪರಿಚಯದವರ ಸಂಬಳ ಕೇಳಿದ ಹಾಗೆ ಅದು. ರೇಟಿನ ಬಗ್ಗೆ ಕೇಳಬಹುದು, ಐವತ್ತು ಕೆ.ಜಿ. ಮೂಟೆಗೆ ಎಷ್ಟಿದೆ ಎಂದು. ಆ ಮಾತಿಗೆ ಎಲ್ಲರೂ ಸಿದ್ಧ.

ಮನೆಗೆ ಹೋದಾಗ ಗೇಟಿನಲ್ಲೇ ನಿಂತು ಕೂಗಬೇಕು, ನಾಯಿ ಇರುತ್ತದೆ. ‘ಯಾರಿದ್ದೀರಿ ಮನೇಲಿ?’ ಅಂದರೆ ಸಾಕು. ಚಪ್ಪಲಿ ಹೊರಗೆ ಬಿಟ್ಟು ಜಗಲಿಯಲ್ಲಿ ಕೂತು, ಒಳಗೆ ಕರೆದ ಮೇಲೆ ಒಳಗೆ. ಹಿರಿಯ ಹೆಂಗಸರಿಗೆ ಅಮ್ಮ, ಕೆಲಸದವರಿಗೆ ಅಣ್ಣ, ಅಕ್ಕ. ಬೆಂಗಳೂರಿನಿಂದ ಬಂದ ಹುಡುಗರು ಅರವತ್ತು ದಾಟಿದ ಅಡುಗೆಯಾಕೆಯನ್ನು ‘ಬ್ರೋ, ಸಿಸ್’ ಅನ್ನುವುದನ್ನು ಕೇಳಿ ಕಿವಿ ನಿಮಿರಿದ್ದುಂಟು. ಹೋಮ್‌ಸ್ಟೇ ಎಂದು ಬೋರ್ಡು ಹಾಕಿದ್ದರೂ ಅದು ಮೊದಲು ಮನೆ, ಆಮೇಲೆ ಸ್ಟೇ. ರಾತ್ರಿ ಹತ್ತರ ಮೇಲೆ ಡಿಜೆ ಹಾಕಿದರೆ ಕಣಿವೆಯಾಚೆಯ ಮನೆಯವರೂ ಎದ್ದು ಕೂರಬೇಕಾಗುತ್ತದೆ. ಬೆಟ್ಟದಲ್ಲಿ ಶಬ್ದ ಬಹಳ ದೂರ ಹೋಗುತ್ತದೆ. ಬಚ್ಚಲ ಹಂಡೆಯಲ್ಲಿ ಸೌದೆ ಉರಿಯ ಬಿಸಿನೀರು ಇದ್ದರೆ ಅದೃಷ್ಟವೆಂದುಕೊಳ್ಳಿ, ತಣ್ಣೀರು ಬೆರೆಸದೆ ಮೈಗೆ ಸುರಿದುಕೊಳ್ಳಬೇಡಿ.

ಹೋದ ಕೂಡಲೇ ಕಾಫಿ ಬರುತ್ತದೆ. ಬೇಡ ಅನ್ನಬಾರದು. ಊಟ ಬೇಡವೆಂದರೆ ಒಪ್ಪುತ್ತಾರೆ, ಕಾಫಿ ಬೇಡವೆಂದರೆ ಮುಖ ಸಣ್ಣದಾಗುತ್ತದೆ. ಅರ್ಧ ಲೋಟ ಸಾಕು ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೊಂದಿದೆ. ಇಲ್ಲಿ ಹೊಸಬರಿಗೆ ಒಂದು ನಿರಾಸೆ ಕಾದಿರುತ್ತದೆ. ಕಾಫಿಯ ತವರಿಗೆ ಬಂದಿದ್ದೇವೆ, ಲೋಕದಲ್ಲಿಲ್ಲದ ಕಾಫಿ ಸಿಗುತ್ತದೆ ಎಂದು ಬಂದವರ ಕೈಗೆ ಚಿಕೋರಿ ಬೆರೆತ, ಹಾಲು ಸಕ್ಕರೆ ಧಾರಾಳವಾದ ಲೋಟ ಬರುತ್ತದೆ. ಕೂಲಿ ಲೈನಿನಲ್ಲಿ ಬೆಲ್ಲ ಹಾಕಿದ ಕರಿ ಕಾಫಿ. ಇದಕ್ಕೆ ಕಾರಣ ನಾಲಿಗೆಗಿಂತ ಕಾನೂನಿನಲ್ಲಿದೆ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟು ಬಿಟ್ಟು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಒಳ್ಳೆಯ ಬೀಜ ಪರದೇಶಕ್ಕೆ ಹೋಯಿತು, ಮನೆಯ ಡಬ್ಬಿಗೆ ಉಳಿದದ್ದು ಒಡಕು, ಕಪ್ಪು. 1992ರಿಂದ ಹಂತಹಂತವಾಗಿ ಕಟ್ಟು ಸಡಿಲವಾಗಿ 1996ರಲ್ಲಿ ಎಲ್ಲ ಬೆಳೆಗಾರರಿಗೂ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಎರಡು ತಲೆಮಾರು ಒಡಕು ಬೀಜದ ಕಾಫಿ ಕುಡಿದ ಮನೆಗಳಲ್ಲಿ ರುಚಿ ಅಷ್ಟು ಬೇಗ ಬದಲಾಗುವುದಿಲ್ಲ. ಈಗ ಹೊಸ ತಲೆಮಾರಿನವರು ತಮ್ಮ ತೋಟದ ಬೀಜವನ್ನು ತಾವೇ ಹುರಿದು ಮಾರುತ್ತಿದ್ದಾರೆ, ಅಂಥ ಕಡೆ ಹಾಲಿಲ್ಲದ ಕಾಫಿ ಕೇಳಿ ಕುಡಿಯಿರಿ.

ಚಿಕೋರಿಯನ್ನು ಬೈಯುವವರಿಗೂ ಒಂದು ಮಾತು. ಆ ಬೇರನ್ನು ಹುರಿದು ಕಾಫಿಗೆ ಬೆರೆಸುವ ಚಾಳಿ ಯುರೋಪಿನಲ್ಲಿ ಮನೆಮಾತಾದದ್ದು ನೆಪೋಲಿಯನ್ನನ ಕಾಲದ ಫ್ರಾನ್ಸಿನಿಂದ. 1806ರಲ್ಲಿ ಅವನು ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಬೀಜ ಸಿಗದೆ ಫ್ರೆಂಚರು ಚಿಕೋರಿಗೆ ಕೈಹಾಕಿದರು. ಮೇಲೊಂದು ಕೆಳಗೊಂದು ಪಾತ್ರೆಯಿಟ್ಟು ಡಿಕಾಕ್ಷನ್ ಇಳಿಸುವ ವಿಧಾನವನ್ನೂ 1800ರ ಆಸುಪಾಸಿನ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಬೆಲ್ವಾ ಎಂಬುವರ ಹೆಸರಿಗೆ ಹಚ್ಚುತ್ತಾರೆ. ಪ್ಯಾರಿಸ್ಸಿನ ಶ್ರೀಮಂತರಿಗೆ ಕಾಫಿಯ ರುಚಿ ಹತ್ತಿಸಿದ್ದು 1669ರಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಬಂದ ತುರ್ಕಿ ರಾಯಭಾರಿ ಸುಲೇಮಾನ್ ಆಗಾ. ಸೂಫಿ ಸಂತ ಬಾಬಾಬುಡನ್ ಅವರು ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದ ಮೇಲೆ ಬಿತ್ತಿದರೆಂಬ ಐತಿಹ್ಯವೂ ಹದಿನೇಳನೆಯ ಶತಮಾನದ್ದೇ. ಫ್ರೆಂಚರು ಕುಡಿಯಲು ಕಲಿತ ಕಾಲಕ್ಕೆ ನಾವು ಬೆಳೆಯಲು ಶುರುಮಾಡಿದ್ದೆವು. ಕುಡಿಯುವ ರೀತಿಯಲ್ಲಿ ಮಾತ್ರ ಇವತ್ತಿಗೂ ಹೊಂದಾಣಿಕೆಯಿಲ್ಲ. ಅವರಿಗೆ ಹಾಲಿನ ಕಾಫಿ ಬೆಳಗಿನ ತಿಂಡಿಯ ಜೊತೆ ಮಾತ್ರ, ಊಟದ ಮೇಲೆ ಗುಟುಕಿನಷ್ಟು ಕರಿ ಕಾಫಿ. ನಮ್ಮಲ್ಲಿ ಹೊತ್ತುಗೊತ್ತಿಲ್ಲ.

ಊಟಕ್ಕೆ ಬರೋಣ. ಇದು ಅಕ್ಕಿಯ ಸೀಮೆ. ಬೆಂಗಳೂರಿನ ಹೋಟೆಲಿನಲ್ಲಿ ಈರುಳ್ಳಿ, ಸಬ್ಬಸಿಗೆ ಹಾಕಿ ಕಾವಲಿಗೆ ತಟ್ಟುವ ದಪ್ಪ ರೊಟ್ಟಿಯನ್ನು ಅಕ್ಕಿರೊಟ್ಟಿ ಎಂದು ತಿಳಿದವರು ಇಲ್ಲಿನದನ್ನು ನೋಡಬೇಕು. ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ನಾದಿ, ತೆಳ್ಳಗೆ ಮಾಡಿ, ಕಾವಲಿಯಿಂದ ಕೆಂಡಕ್ಕೆ ಹಾಕಿದರೆ ಉಬ್ಬುತ್ತದೆ. ಅಕ್ಕಿತರಿಯ ಕಡುಬು ಇನ್ನೊಂದು. ಬೆಣ್ಣೆ, ಕಾಯಿಚಟ್ನಿ ಜೊತೆಗೆ ಬೆಳಿಗ್ಗೆ, ನಾಟಿಕೋಳಿ ಸಾರಿನ ಜೊತೆಗೆ ಯಾವಾಗ ಬೇಕಾದರೂ. ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿ ಕೊಟ್ಟಿಗೆಹಾರದ ನೀರುದೋಸೆಗೆ ದಾರಿಹೋಕರು ಸಾಲುಗಟ್ಟುವುದು ಇಂದು ನಿನ್ನೆಯದಲ್ಲ. ಮಂಜು ಕವಿದ ಬೆಳಗಿನಲ್ಲಿ ಅಲ್ಲಿ ಇಳಿದು ತಿನ್ನದೆ ಘಟ್ಟ ಇಳಿಯುವವರ ಬಗ್ಗೆ ನನಗೆ ಅನುಮಾನ.

ಮಳೆಗಾಲದ ಅಡುಗೆಯೇ ಬೇರೆ. ಹೊರಗಿನಿಂದ ತರಕಾರಿ ಬರದ ದಿನಗಳಲ್ಲಿ ಕಾಡು ಕೊಟ್ಟದ್ದನ್ನು ಬೇಯಿಸಿಕೊಂಡು ಬದುಕಿದವರ ಜಾಣ್ಮೆ ಅದರಲ್ಲಿದೆ. ಎಳೆ ಬಿದಿರಿನ ಕಳಲೆಯನ್ನು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕುತ್ತಾರೆ. ಹಸಿ ಕಳಲೆಯಲ್ಲಿ ವಿಷದ ಅಂಶವಿರುವುದರಿಂದ ಈ ಕೆಲಸದಲ್ಲಿ ಅವಸರ ಸಲ್ಲದು. ಮರದ ಕಾಂಡದ ಮೇಲೆ ಹುಟ್ಟುವ ಮರಗೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿ ಬೇಯಿಸಿದರೆ ಪತ್ರೊಡೆ, ಅದಕ್ಕೆ ಹುಳಿ ಸಾಕಷ್ಟು ಬೀಳದಿದ್ದರೆ ಗಂಟಲು ಕೆರೆಯುತ್ತದೆ. ಗುಡುಗು ಸಿಡಿಲಿನ ಮಳೆಗೆ ಏಳುವ ಅಣಬೆ, ಗದ್ದೆಯ ಏಡಿ, ಹಲಸಿನ ಹಣ್ಣಿನ ಕಡುಬು, ಒಂದೆಲಗದ ತಂಬುಳಿ, ವರ್ಷಗಟ್ಟಲೆ ಭರಣಿಯಲ್ಲಿರುವ ಅಪ್ಪೆಮಿಡಿ. ಚಗಳಿ ಇರುವೆಯ ಚಟ್ನಿ ಕೂಡ ಉಂಟು, ಹೆದರಬೇಡಿ, ಕೇಳಿದವರಿಗೆ ಮಾತ್ರ ಬಡಿಸುತ್ತಾರೆ. ಕಪ್ಪೆಕಾಲು, ಬಸವನಹುಳ ತಿನ್ನುವ ದೇಶಕ್ಕೆ ಹೋಗಿ ‘ಎಂಥ ಸೊಗಸು’ ಎಂದು ಬರೆದವರು ಇಲ್ಲಿ ಮೂಗು ಮುಚ್ಚಿಕೊಳ್ಳುವುದು ಯಾವ ನ್ಯಾಯ?

ಆದರೆ ಎಲ್ಲ ಮನೆಯಲ್ಲೂ ಎಲ್ಲವೂ ಬೇಯುವುದಿಲ್ಲ. ಒಕ್ಕಲಿಗರ ಮನೆಯ ಹಂದಿ ಮಾಂಸದ ರುಚಿ ಕೇಳಿ ಬಂದವರು ಲಿಂಗಾಯತರ, ಜೈನರ, ಬ್ರಾಹ್ಮಣರ ಮನೆಯಲ್ಲಿ ಅದನ್ನು ಕೇಳಿ ಮುಜುಗರ ತಂದಿಟ್ಟ ಪ್ರಸಂಗಗಳಿವೆ. ಮಾಂಸ ತಿನ್ನುವ ಮನೆಗಳಲ್ಲೂ ಸೋಮವಾರ, ಶನಿವಾರ ಎಂದು ಬಿಡುವ ವಾರಗಳಿರುತ್ತವೆ. ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ‘ಶಿಕಾರಿ ಸಿಗುತ್ತಾ?’ ಎಂದು ಕಣ್ಣು ಮಿಟುಕಿಸುವವರಂತೂ ಇನ್ನೂ ಇದ್ದಾರೆ. ಫ್ರಾನ್ಸಿನಲ್ಲಿ ಬೇಟೆಯ ಹಂಗಾಮಿನಲ್ಲಿ ಕಾಡುಹಂದಿ ಹೋಟೆಲಿನ ಪಟ್ಟಿಯಲ್ಲೇ ಇರುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಇದೆ, ತಿಂದವನ ಜೊತೆ ಕೊಟ್ಟವನೂ ಜೈಲು ಸೇರಬೇಕಾದೀತು.

ಹೊರನಾಡಿನ ಊಟದ ಪದ್ಧತಿ ಬೇರೆ. ಕಳಸದಿಂದ ಎಂಟು ಕಿಲೋಮೀಟರಿನ ಆ ಅನ್ನಪೂರ್ಣೇಶ್ವರಿ ಕ್ಷೇತ್ರದಲ್ಲಿ ಬಂದವರಿಗೆಲ್ಲ ಊಟ ಉಚಿತ. ಪಂಕ್ತಿಯಲ್ಲಿ ಕೂತು, ಬೇಕಾದಷ್ಟೇ ಹಾಕಿಸಿಕೊಂಡು, ಬಿಡದೆ ಉಣ್ಣಬೇಕು. ದರ್ಶನಕ್ಕೆ ಗಂಡಸರು ಅಂಗಿ, ಬನಿಯನ್ ತೆಗೆದು ಹೆಗಲಿಗೆ ಶಲ್ಯ ಹೊದೆಯಬೇಕು, ಒಂದು ಪಂಚೆ ಟವೆಲು ಬ್ಯಾಗಿನಲ್ಲಿರಲಿ. ಕಳಸದಲ್ಲಿ ಭದ್ರಾ ತೀರದ ಕಳಸೇಶ್ವರನ ಗುಡಿಯನ್ನು ಹೊರನಾಡಿನ ಅವಸರದಲ್ಲಿ ಬಿಟ್ಟುಹೋಗುವವರೇ ಹೆಚ್ಚು, ಅದು ಅವರ ನಷ್ಟ. ಬಾಬಾಬುಡನ್‌ಗಿರಿಗೆ ಹೋಗುವವರು ಡಿಸೆಂಬರಿನ ದತ್ತ ಜಯಂತಿ, ಅದಲ್ಲದೆ ಉರುಸಿನ ದಿನಗಳನ್ನು ನೋಡಿಕೊಂಡು ಹೊರಡಿ. ಆಗ ಪ್ರವಾಸಿಗರಿಗೆ ಬೆಟ್ಟದ ದಾರಿ ಮುಚ್ಚುವುದುಂಟು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ ಈಗ ಮನಸ್ಸು ಬಂದಾಗ ಹೋಗುವಂತಿಲ್ಲ. ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಜಿಲ್ಲಾಡಳಿತ ಆನ್‌ಲೈನ್ ಮುಂಗಡ ನೋಂದಣಿ ತಂದಿದೆ. ತಂದದ್ದು ಸರಿ.

ದಾರಿಯ ಲೆಕ್ಕಾಚಾರದಲ್ಲಿ ಬಯಲಿನವರು ಸೋಲುತ್ತಾರೆ. ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಹಾರಿ ಬಂದವರು ಮೂಡಿಗೆರೆಯಿಂದ ಕಳಸಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಎಂದಾಗ ಮುಕ್ಕಾಲು ಗಂಟೆ ಎಂದುಕೊಳ್ಳುತ್ತಾರೆ. ಎರಡು ಗಂಟೆ ಇಟ್ಟುಕೊಳ್ಳಿ. ಕಿರಿದಾದ ಏರಿನಲ್ಲಿ ಎದುರಾದಾಗ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ತಿರುವಿನಲ್ಲಿ ಹಾರನ್ ಹಾಕುವುದು ಇಲ್ಲಿ ಒರಟುತನದ ಲೆಕ್ಕಕ್ಕೆ ಬರುವುದಿಲ್ಲ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯೇ ಕಾಣುವುದು, ದೀಪ ತಗ್ಗಿಸಿ. ಮೊಬೈಲ್ ನಕ್ಷೆ ಹತ್ತಿರದ ದಾರಿಯೆಂದು ಯಾರದೋ ತೋಟದ ಜೀಪು ರಸ್ತೆಗೆ ಇಳಿಸುತ್ತದೆ, ಅಲ್ಲಿಗೆ ಹೋದ ಮೇಲೆ ನೆಟ್‌ವರ್ಕೂ ಇರುವುದಿಲ್ಲ. ಕೆಲವು ಕಡೆ ಫೋನಿನಿಂದ ಹಣ ಕಳಿಸಲೂ ಆಗದು.

ರೈಲಿನಲ್ಲಿ ಬರುವವರಿಗೆ 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೆ ಹಳಿಯಿದೆ. ಬಸ್ಸಿನ ವಿಷಯ ಬಂದಾಗ ಈ ಭಾಗದವರು ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯದೆ ಇರುವುದಿಲ್ಲ. 1991ರಲ್ಲಿ ಖಾಸಗಿ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸಂಘ ಕಟ್ಟಿ, ಬಸ್ಸು ಓಡಿಸಿ, ಮೂರು ದಶಕದ ಹತ್ತಿರ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳನ್ನು ಮುಟ್ಟಿದರು. 2020ರ ಆರಂಭದಲ್ಲಿ ಅದು ನಿಂತುಹೋಯಿತು. ಈಗ ಸಾರಿಗೆ ಸಂಸ್ಥೆಯ ಬಸ್ಸು, ಉಳಿದಿರುವ ಖಾಸಗಿ ಬಸ್ಸು. ಒಳಹಳ್ಳಿಗಳಿಗೆ ಸಂಜೆಯ ಕೊನೆಯ ಬಸ್ಸು ಯಾವುದೆಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಹಾಸನದ ಮೇಲೆ ಬರುವವರು ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ ಇಳಿದು ಹೋಗಬಹುದು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚು ಪ್ರತಿ ಮಳೆಗಾಲ ಅರ್ಧ ಮುಳುಗುತ್ತದೆ. ಅದನ್ನು ಮುಳುಗಿಸುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಚರ್ಚು ಕಟ್ಟಿದ ಪಾದ್ರಿಗಳಿಗೂ ಮುಂಚೆ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಊರು ಬಿಟ್ಟು ಬಂದ ಅಬೆ ದುಬಾ ಎಂಬ ಪಾದ್ರಿ ಮೈಸೂರು ಸೀಮೆಯಲ್ಲಿ ಬಹುಕಾಲ ಇಲ್ಲಿನವರ ಉಡುಪನ್ನೇ ತೊಟ್ಟು ಬದುಕಿ, ನಮ್ಮ ಆಚಾರ ವಿಚಾರಗಳ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಇಂಗ್ಲಿಷಿನಲ್ಲಿ ಅದು 1816ರಲ್ಲಿ ಬಂತು. ಅದರಲ್ಲಿ ಬಹುಭಾಗ ಹಿಂದಿನ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿಕೊಂಡದ್ದೆಂದು ಆಮೇಲೆ ಸಂಶೋಧಕರು ತೋರಿಸಿದರು. ಪ್ರವಾಸದ ಕೈಪಿಡಿ ಬರೆಯುವವರ ಈ ಚಾಳಿ ಬಹಳ ಹಳೆಯದು! ಈ ಸೀಮೆಯನ್ನು ತಿಳಿಯಲು ನನ್ನ ಕೇಳಿದರೆ ಕೈಪಿಡಿಗಿಂತ ಕಥೆಗಾರ ಪೂರ್ಣಚಂದ್ರ ತೇಜಸ್ವಿಯವರೇ ವಾಸಿ. 2007ರಲ್ಲಿ ತೀರಿಕೊಳ್ಳುವವರೆಗೂ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದವರು. ‘ಕರ್ವಾಲೊ’, ‘ಪರಿಸರದ ಕಥೆ’ ಎರಡನ್ನು ಓದಿ ಬಂದವರಿಗೆ ಇಲ್ಲಿನ ಮಳೆ, ಹುಳ, ಜನ ಯಾವುದೂ ಅಪರಿಚಿತವಾಗುವುದಿಲ್ಲ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವೂ ಇದೆ, ನೀರುದೋಸೆ ತಿಂದ ಮೇಲೆ ಒಂದು ಹೆಜ್ಜೆ ಇಟ್ಟು ಬನ್ನಿ.

ಕಾಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಗಂಭೀರವಾಗಿ ತೆಗೆದುಕೊಳ್ಳಿ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು, ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ. ಚಾರಣಕ್ಕೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಅದಿಲ್ಲದೆ ಬಂದು ಸಂಸೆಯಲ್ಲಿ ನಿಂತು ವಾದ ಮಾಡಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಇಂಬಳ ಕಚ್ಚುತ್ತದೆ. ಕಿತ್ತೆಳೆಯಬೇಡಿ, ಉಪ್ಪು ಅಥವಾ ಹೊಗೆಸೊಪ್ಪಿನ ನೀರು ತಾಗಿಸಿದರೆ ತಾನೇ ಬಿಡುತ್ತದೆ. ಆನೆಯ ಮಾತು ಬೇರೆ. ಮೂಡಿಗೆರೆ ಸುತ್ತ ಆನೆ ತುಳಿದು ಜನ ಸತ್ತಿದ್ದಾರೆ, 2022ರ ಕೊನೆಯಲ್ಲಿ ಸರ್ಕಾರ ಆನೆ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಮನೆಯವರು ‘ಆನೆ ಬಂದಿದೆ, ಹೊರಗೆ ಹೋಗಬೇಡಿ’ ಅಂದರೆ ವಿಡಿಯೊ ತೆಗೆಯಲು ಹೊರಡಬೇಡಿ. ಬೆಳಗಿನ ಜಾವ ಒಂಟಿಯಾಗಿ ತೋಟದ ದಾರಿಯಲ್ಲಿ ವಾಕಿಂಗ್ ಹೋಗುವ ಅಭ್ಯಾಸವನ್ನೂ ಎರಡು ದಿನ ಬಿಡಿ.

ಚಾರ್ಮಾಡಿಯಲ್ಲಿ ಜುಲೈ, ಆಗಸ್ಟಿನಲ್ಲಿ ಹೆಜ್ಜೆಗೊಂದು ಜಲಪಾತ. ಅದರ ಕೆಳಗೆ ಗಾಡಿ ನಿಲ್ಲಿಸಿ ಬಂಡೆ ಹತ್ತುವವರನ್ನು ಇಳಿಸುವುದೇ ಪೊಲೀಸರ ಕೆಲಸವಾಗಿದೆ. ಪಾಚಿ ಕಟ್ಟಿದ ಆ ಕಲ್ಲಿನಿಂದ ಜಾರಿ ಬಿದ್ದವರಿದ್ದಾರೆ. 2019ರ ಆಗಸ್ಟಿನಲ್ಲಿ ಈ ಘಟ್ಟ ಹಲವೆಡೆ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು, ಮೂಡಿಗೆರೆ ತಾಲ್ಲೂಕಿನ ಮಧುಗುಂಡಿ, ಮಲೆಮನೆಯಂಥ ಊರುಗಳ ಮನೆ ಗದ್ದೆಗಳು ಕೊಚ್ಚಿಹೋದವು. ಜಲಪಾತದೆದುರು ಕುಣಿಯುವಾಗ ಅದೇ ನೀರಿಗೆ ಮನೆ ಕಳೆದುಕೊಂಡವರು ಹತ್ತಿರದಲ್ಲೇ ಇದ್ದಾರೆಂಬ ನೆನಪಿರಲಿ.

ಈ ವಾರಾಂತ್ಯಕ್ಕೆ ಹೊರಟವರು ಹೀಗೆ ಮಾಡಿ. ಪೆಟ್ರೋಲನ್ನು ಮೂಡಿಗೆರೆಯಲ್ಲೇ ತುಂಬಿಸಿ, ಕೈಯಲ್ಲಿ ಚಿಲ್ಲರೆ ನೋಟಿರಲಿ, ತಂದ ಪ್ಲಾಸ್ಟಿಕ್ ನಿಮ್ಮೊಂದಿಗೇ ವಾಪಸು ಹೋಗಲಿ. ಮಳೆಗಾಲವಾದರೆ ಚಾರ್ಮಾಡಿ ತೆರೆದಿದೆಯೇ ಎಂದು ಹೊರಡುವ ದಿನವೇ ವಿಚಾರಿಸಿ. ಉಳಿಯುವ ಮನೆಗೆ ಹಿಂದಿನ ದಿನ ಫೋನ್ ಮಾಡಿ ಎಷ್ಟು ಜನ, ಮಾಂಸ ತಿನ್ನುವವರೆಷ್ಟು, ತಲುಪುವುದು ಎಷ್ಟು ಹೊತ್ತಿಗೆ ಎಂದು ತಿಳಿಸಿ. ಎಣಿಸಿ ಅಡುಗೆ ಮಾಡುವ ಮನೆಗಳಿವು. ರಾತ್ರಿ ಹತ್ತಕ್ಕೆ ಬಂದು ಬಿಸಿ ಕಡುಬು ಕೇಳಿದರೆ ಸಿಗುವುದಿಲ್ಲ.